ಫೋನಿನೊಳಗಿನ ಸೂಚನಾ ಫಲಕ: ಅದನ್ನು ಕಟ್ಟಿದ ಬಗೆ, ಪರೀಕ್ಷಿಸಿದ ಬಗೆ

ನಮ್ಮ ಪಾಠಶಾಲೆಯ ಸೂಚನಾ ಫಲಕವನ್ನು ಪೋಷಕರ ಫೋನುಗಳಿಗೆ ಮುಟ್ಟಿಸತಕ್ಕ ಒಂದು ಚಿಕ್ಕ ಆ್ಯಪನ್ನು ಪೂರ್ವ ವಿದ್ಯಾರ್ಥಿನಿಯರಾದ ನಾವು ನಾಲ್ವರು ಸೇರಿ ಕಟ್ಟಿದೆವೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಅದು ಕಳೆದ ಮಳೆಗಾಲದಲ್ಲಿ ಒಂದು ದಿವಸ ಕೈಕೊಟ್ಟಿತೆಂಬುದನ್ನೂ ಬಲ್ಲರು. "ನಿಮ್ಮೆಲ್ಲರ ಫೋನಿನಲ್ಲಿ ಸರಿಯಾಗಿ ನಡೆದದ್ದು ನಮ್ಮ ಫೋನಿನಲ್ಲಿ ಮಾತ್ರ ಏಕೆ ನಡೆಯಲಿಲ್ಲ?" ಎಂದು ಒಬ್ಬ ತಾಯಿಯವರು ನಮ್ಮನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಆ ದಿವಸ ಬಾಯಿಮಾತಿನಲ್ಲಿ ತಕ್ಕ ಉತ್ತರ ಕೊಡಲಾರದೆ ಹೋದೆವು. ಈ ಸಂಚಿಕೆಯ ಸಂಪಾದಕ ವರ್ಗದವರು ಎರಡು ಪುಟಗಳನ್ನು ದಯಪಾಲಿಸಿರುವುದರಿಂದ ಇಲ್ಲಿ ಕೊಡುತ್ತೇವೆ.

ಫೋನುಗಳ ಲೋಕದಲ್ಲಿ ಈಗ ಎರಡು ದೊಡ್ಡ ಮನೆತನಗಳುಂಟು: ಒಂದು ಆಂಡ್ರಾಯ್ಡ್, ಮತ್ತೊಂದು ಐಫೋನ್. ಒಂದೊಂದು ಮನೆತನಕ್ಕೂ ಒಂದೊಂದು ಮನೆಮಾತು. ಆಂಡ್ರಾಯ್ಡಿಗೆ ಜಾವಾ ಅಥವಾ ಕೋಟ್ಲಿನ್ ಎಂಬ ಭಾಷೆಯಲ್ಲಿಯೂ, ಐಫೋನಿಗೆ ಸ್ವಿಫ್ಟ್ ಎಂಬ ಭಾಷೆಯಲ್ಲಿಯೂ ಬರೆಯುವುದು ವಾಡಿಕೆ. ಆದುದರಿಂದ ಒಂದೇ ಸೂಚನಾ ಫಲಕವನ್ನು ಎರಡಾವರ್ತಿ ಬರೆದು, ಎರಡಾವರ್ತಿ ತಿದ್ದಬೇಕಾಗುವುದು. ಹಣವುಳ್ಳ ಸಂಸ್ಥೆಗಳು ಹಾಗೆ ಮಾಡಿಯಾವು. ಸಂಜೆ ಮನೆಗೆಲಸವನ್ನು ಮುಗಿಸಿ ಕುಳಿತುಕೊಳ್ಳುವ ನಮ್ಮಂಥವರಿಗೆ ಅದು ಸಾಧ್ಯವಲ್ಲ. ಆದರೆ ಎರಡು ಮನೆತನದವರಿಗೂ ತಿಳಿಯುವ ಮೂರನೆಯ ಮಾತೊಂದುಂಟು. ಅದೇ ವೆಬ್ ಪುಟಗಳ ಭಾಷೆ. ಟಿಮ್ ಬರ್ನರ್ಸ್-ಲೀ ಎಂಬವರು ೧೯೮೯ರಲ್ಲಿ ಜಿನೀವಾ ಸಮೀಪದ ಸರ್ನ್ ಪ್ರಯೋಗಾಲಯದಲ್ಲಿದ್ದಾಗ ವೆಬ್ಬಿನ ಯೋಜನೆಯನ್ನು ಮುಂದಿಟ್ಟರು. ಅದರಲ್ಲಿ ಎಚ್‌ಟಿಎಂಎಲ್ ಎಂಬುದು ಪುಟದ ವಿಷಯವನ್ನೂ ಅದರ ಅನುಕ್ರಮವನ್ನೂ ಹೇಳುತ್ತದೆ. ತರುವಾಯ ಬಂದ ಸಿಎಸ್‌ಎಸ್ ಅದಕ್ಕೆ ಉಡುಗೆ ತೊಡಿಸುತ್ತದೆ. ಜಾವಾಸ್ಕ್ರಿಪ್ಟ್ ಅದಕ್ಕೆ ಚಲನೆಯನ್ನು ಕೊಡುತ್ತದೆ. ಈ ಕೊನೆಯದನ್ನು ಬ್ರೆಂಡನ್ ಐಕ್ ಎಂಬವರು ೧೯೯೫ರಲ್ಲಿ ಹತ್ತೇ ದಿನಗಳಲ್ಲಿ ರೂಪಿಸಿದರು. ಆ ಅವಸರದ ಗುರುತುಗಳು ಅದರ ಮೈಮೇಲೆ ಇಂದಿಗೂ ಉಳಿದಿವೆಯೆಂದು ಅದರೊಡನೆ ಹೆಣಗಿದವರು ಹೇಳುತ್ತಾರೆ, ನಾವೂ ಹೇಳುತ್ತೇವೆ.

೨೦೦೭ರಲ್ಲಿ ಐಫೋನು ಮೊದಲು ಮಾರಾಟಕ್ಕೆ ಬಂದಾಗ ಹೊರಗಿನವರು ಅದಕ್ಕೆ ಆ್ಯಪುಗಳನ್ನು ಬರೆಯುವಂತಿರಲಿಲ್ಲ. ವೆಬ್ ಪುಟಗಳನ್ನೇ ಬರೆದುಕೊಳ್ಳಿರೆಂದು ಸ್ಟೀವ್ ಜಾಬ್ಸ್ ಹೇಳಿದ್ದರು. ಮರುವರ್ಷ ಜುಲೈನಲ್ಲಿ ಆ್ಯಪುಗಳ ಅಂಗಡಿಯು ತೆರೆಯಿತು. ಅದೇ ೨೦೦೮ರ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಒಂದು ಕೂಟದಲ್ಲಿ ನಿಟೋಬಿ ಎಂಬ ಕೆನಡಾದ ಚಿಕ್ಕ ಸಂಸ್ಥೆಯವರು ವೆಬ್ ಪುಟವನ್ನೇ ಆ್ಯಪಿನೊಳಗೆ ಕೂರಿಸುವ ಉಪಾಯವನ್ನು ಕಂಡರು. ಫೋನ್‌ಗ್ಯಾಪ್ ಎಂದು ಅದಕ್ಕೆ ಹೆಸರಾಯಿತು. ೨೦೧೧ರಲ್ಲಿ ಅಡೋಬಿ ಸಂಸ್ಥೆಯು ನಿಟೋಬಿಯನ್ನು ಕೊಂಡು, ಆ ಬರಹವನ್ನು ಅಪಾಚೆ ಪ್ರತಿಷ್ಠಾನಕ್ಕೆ ದಾನವಾಗಿ ಕೊಟ್ಟಿತು. ನಿಟೋಬಿಯವರ ಕಚೇರಿಯಿದ್ದ ವ್ಯಾಂಕೂವರಿನ ಬೀದಿಯ ಹೆಸರಾದ ಕಾರ್ಡೋವಾ ಅದರ ಹೆಸರಾಗಿ ನಿಂತಿತು. ಅಡೋಬಿಯವರ ಫೋನ್‌ಗ್ಯಾಪ್ ೨೦೨೦ರಲ್ಲಿ ಮುಚ್ಚಿಹೋಯಿತು. ನಾವು ಬಳಸಿರುವುದು ಅದೇ ಜಾಡಿನಲ್ಲಿ ೨೦೧೯ರಲ್ಲಿ ಹೊರಬಂದ ಕೆಪ್ಯಾಸಿಟರ್ ಎಂಬ ಸಾಧನ.

ಉಪಾಯವು ಸರಳವಾದದ್ದು. ಬ್ರೌಸರಿನ ಮೇಲ್ಗಡೆಯಿರುವ ವಿಳಾಸದ ಪಟ್ಟಿಯನ್ನೂ ಗುಂಡಿಗಳನ್ನೂ ಕಳಚಿಬಿಟ್ಟರೆ ಉಳಿಯುವ ಬರಿಯ ಕಿಟಕಿಗೆ ವೆಬ್‌ವ್ಯೂ ಎಂದು ಹೆಸರು. ಆ್ಯಪೆಂಬ ಪೆಟ್ಟಿಗೆಯೊಳಗೆ ಈ ಕಿಟಕಿಯಿರುತ್ತದೆ. ಕಿಟಕಿಯಲ್ಲಿ ನಮ್ಮ ಪುಟ ಕಾಣುತ್ತದೆ. ಪುಟಕ್ಕೆ ಫೋನಿನ ಕ್ಯಾಮೆರಾ ಮೊದಲಾದುವು ಬೇಕಾದಲ್ಲಿ ನಡುವೆ ಒಬ್ಬ ದುಭಾಷಿಯುಂಟು: ಜಾವಾಸ್ಕ್ರಿಪ್ಟಿನಲ್ಲಿ ಕೇಳಿದ್ದನ್ನು ಆತನು ಆಯಾ ಫೋನಿನ ಮನೆಮಾತಿನಲ್ಲಿ ಹೇಳಿ, ಉತ್ತರವನ್ನು ತಂದೊಪ್ಪಿಸುವನು. ಹೀಗೆ ಬರಹವು ಒಂದೇ, ಪೆಟ್ಟಿಗೆಗಳು ಎರಡು.

ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೇಜಿನ ಕಂಪ್ಯೂಟರುಗಳಿಗೆ ಇದೇ ರೀತಿ ಆ್ಯಪು ಕಟ್ಟುವ ಎಲೆಕ್ಟ್ರಾನ್ ಎಂಬ ಸಾಧನವುಂಟು. ಗಿಟ್‌ಹಬ್ ಸಂಸ್ಥೆಯವರು ೨೦೧೩ರಲ್ಲಿ ಆರಂಭಿಸಿದ್ದು. ಅದು ತನ್ನ ಬ್ರೌಸರನ್ನು ತಾನೇ ಹೊತ್ತುಕೊಂಡು ಹೋಗುತ್ತದೆ, ಬುತ್ತಿ ಕಟ್ಟಿಕೊಂಡು ಪ್ರಯಾಣ ಹೊರಟವರ ಹಾಗೆ. ಗಂಟು ಭಾರವಾಗುವುದು ನಿಜ, ಆದರೆ ಹೋದಲ್ಲೆಲ್ಲಾ ಒಂದೇ ಊಟ. ನಮ್ಮ ಫೋನಿನ ಆ್ಯಪು ಹಾಗಲ್ಲ. ಹೋದ ಮನೆಯಲ್ಲಿ ಬಡಿಸಿದ್ದನ್ನೇ ಅದು ಉಣ್ಣಬೇಕು. ಎಂದರೆ ಆಯಾ ಫೋನಿನಲ್ಲಿ ಮೊದಲೇ ಇರುವ ವೆಬ್‌ವ್ಯೂವನ್ನೇ ಆಶ್ರಯಿಸಬೇಕು. ಐಫೋನಿನಲ್ಲಿ ಆ ಕಿಟಕಿಯು ಫೋನಿನ ಮೂಲ ವ್ಯವಸ್ಥೆಯೊಡನೆಯೇ ಹೊಸದಾಗುತ್ತದೆ. ಆಂಡ್ರಾಯ್ಡಿನಲ್ಲಿ ೨೦೧೪ರ ಐದನೆಯ ಆವೃತ್ತಿಯಿಂದೀಚೆಗೆ ಅದನ್ನು ಪ್ರತ್ಯೇಕವಾಗಿ ಹೊಸದು ಮಾಡಿಕೊಳ್ಳಬಹುದು. ಮಾಡಿಕೊಳ್ಳದೆಯೂ ಇರಬಹುದು.

ಈಗ ಆ ಮಳೆಯ ದಿವಸಕ್ಕೆ ಬರೋಣ. ಮಧ್ಯಾಹ್ನ ಎರಡು ಗಂಟೆಗೇ ಪಾಠಗಳನ್ನು ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳುಹಿಸುವುದೆಂದು ನಿಶ್ಚಯವಾಗಿ, ಆ್ಯಪಿನ ಮೂಲಕ ಸೂಚನೆಯು ಹೊರಟಿತು. ಅದಕ್ಕೆ ಮುಂಚಿನ ವಾರವಷ್ಟೇ ನಾವು ಆ್ಯಪಿನ ಹೊಸ ಆವೃತ್ತಿಯನ್ನು ಕಳುಹಿಸಿದ್ದೆವು. ಎಂಟನೆಯ ತರಗತಿಯ ಒಬ್ಬ ಬಾಲಿಕೆಯ ತಾಯಿಯವರು ಫೋನನ್ನು ತೆರೆದು ನೋಡಲು, ಪರದೆಯು ಬೆಳ್ಳಗಿತ್ತು, ಒಂದಕ್ಷರವೂ ಇರಲಿಲ್ಲ. ಏನೂ ವಿಶೇಷವಿಲ್ಲವೆಂದು ಎಣಿಸಿ ಅವರು ತಮ್ಮ ಕೆಲಸಕ್ಕೆ ಮರಳಿದರು. ಆ ಮಗು ಐದೂವರೆಯ ತನಕ ಜಗುಲಿಯಲ್ಲಿ ಕಾವಲುಗಾರರ ಬಳಿ ಕುಳಿತಿತ್ತು. ಅಪಾಯವೇನೂ ಸಂಭವಿಸಲಿಲ್ಲ, ಆದರೂ ಆ ಮೂರೂವರೆ ಗಂಟೆಗಳನ್ನು ನೆನೆದರೆ ನಮಗೆ ಈಗಲೂ ನಾಚಿಕೆಯಾಗುತ್ತದೆ.

ಕಾರಣವನ್ನು ಹುಡುಕಿದಾಗ ಸಿಕ್ಕಿದ್ದು ಎರಡು ಚಿಹ್ನೆಗಳು: ಒಂದು ಪ್ರಶ್ನಾರ್ಥಕ, ಅದರ ಬೆನ್ನಿಗೆ ಒಂದು ಚುಕ್ಕೆ. "ಈ ವಸ್ತು ಇದ್ದರೆ ಮಾತ್ರ ಮುಂದಕ್ಕೆ ಹೋಗು" ಎಂದು ಜಾವಾಸ್ಕ್ರಿಪ್ಟಿನಲ್ಲಿ ಸಂಕ್ಷೇಪವಾಗಿ ಹೇಳುವ ರೀತಿಯದು. ಕ್ರೋಮ್ ಬ್ರೌಸರಿಗೆ ಅದು ತಿಳಿಯತೊಡಗಿದ್ದು ೨೦೨೦ರ ಫೆಬ್ರವರಿಯಲ್ಲಿ. ಆ ತಾಯಿಯವರ ಫೋನಿನ ವೆಬ್‌ವ್ಯೂ ಅದಕ್ಕಿಂತ ಹಳೆಯದು. ಫೋನಿನಲ್ಲಿ ಜಾಗ ಸಾಲದೆ ಹೊಸದು ಮಾಡುವುದನ್ನು ಅವರ ಮನೆಯವರು ನಿಲ್ಲಿಸಿದ್ದರು. ಮನುಷ್ಯರಾದರೆ ಅರಿಯದ ಪದವೊಂದು ಬಂದಾಗ ಅದನ್ನು ದಾಟಿ ಓದುವರು. ಜಾವಾಸ್ಕ್ರಿಪ್ಟ್ ಹಾಗೆ ಮಾಡದು. ವ್ಯಾಕರಣಕ್ಕೆ ಹೊರಗಾದ ಒಂದು ಚಿಹ್ನೆ ಕಂಡಿತೆಂದರೆ ಇಡೀ ಬರಹವನ್ನೇ ನಿರಾಕರಿಸುವುದು. ಸೂಚನೆಯನ್ನು ತಂದು ತೋರಿಸಬೇಕಾದ ಬರಹವೇ ಓಡದಿದ್ದ ಮೇಲೆ ಪರದೆಯು ಬೆಳ್ಳಗೆ ಉಳಿಯದೆ ಇನ್ನೇನಾದೀತು?

ನಾವು ಪರೀಕ್ಷಿಸದೆ ಕಳುಹಿಸಿದೆವೆಂದಲ್ಲ. ಪರೀಕ್ಷೆಗಾಗಿ ಬೇಕಾದಷ್ಟು ಸಾಧನಗಳಿವೆ. ಷಿಕಾಗೋ ನಗರದಲ್ಲಿ ೨೦೦೪ರಲ್ಲಿ ಜೇಸನ್ ಹಗಿನ್ಸ್ ಎಂಬವರು ಆರಂಭಿಸಿದ ಸೆಲೆನಿಯಮ್ ಎಂಬುದು ಮನುಷ್ಯರಂತೆಯೇ ಪುಟವನ್ನು ತೆರೆದು, ಗುಂಡಿಯನ್ನೊತ್ತಿ, ಬಂದ ಉತ್ತರವು ಸರಿಯೇ ಎಂದು ನೋಡುತ್ತದೆ. (ಮರ್ಕ್ಯುರಿ, ಅಂದರೆ ಪಾದರಸ, ಎಂಬ ಹೆಸರಿನ ಪ್ರತಿಸ್ಪರ್ಧಿ ಸಂಸ್ಥೆಯೊಂದಿತ್ತು, ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದೆಂಬ ವಿನೋದದಿಂದ ಆ ಹೆಸರು.) ಅದೇ ಪದ್ಧತಿಯನ್ನು ಫೋನಿನ ಆ್ಯಪುಗಳಿಗೆ ಅನ್ವಯಿಸುವ ಆ್ಯಪಿಯಮ್ ಎಂಬುದೂ ಉಂಟು. ಇಂಥ ಪರೀಕ್ಷೆಗಳನ್ನು ನಾವು ಪ್ರತಿ ರಾತ್ರಿಯೂ ಓಡಿಸುತ್ತಿದ್ದೆವು, ಎಲ್ಲವೂ ತೇರ್ಗಡೆಯಾಗುತ್ತಿದ್ದವು. ಆದರೆ ಅವು ಓಡುತ್ತಿದ್ದದ್ದು ಕಂಪ್ಯೂಟರಿನೊಳಗಿನ ನಕಲಿ ಫೋನುಗಳಲ್ಲಿಯೂ ನಮ್ಮ ಸ್ವಂತ ಫೋನುಗಳಲ್ಲಿಯೂ. ನಕಲಿಗಳೂ ಹೊಸವು, ನಮ್ಮವೂ ಹೊಸವು. ಪಾಠವನ್ನು ಚೆನ್ನಾಗಿ ಬಲ್ಲ ಮಕ್ಕಳನ್ನಷ್ಟೇ ಕರೆದು ಪ್ರಶ್ನೆ ಕೇಳಿ, ತರಗತಿಯೆಲ್ಲಾ ತೇರ್ಗಡೆಯೆಂದು ಬರೆದ ಉಪಾಧ್ಯಾಯಿನಿಯ ಹಾಗಾಯಿತು ನಮ್ಮ ಸಂಗತಿ.

ಈಗ ಮಾಡಿರುವ ಪರಿಹಾರಗಳಲ್ಲಿ ಮೊದಲನೆಯದು, ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಜಾವಾಸ್ಕ್ರಿಪ್ಟಿಗೆ ತಿರುಗಿಸುವ ಭಾಷಾಂತರ ಸಾಧನವನ್ನು ಬಳಸಿದ್ದು. ಅದರ ಹೆಸರು ಬಾಬೆಲ್. ಹೆಸರು ನಮ್ಮ ವಾಚಕಿಯರಿಗೆ ಹೊಸದಾಗಿರಲಾರದು. ಎರಡನೆಯದನ್ನು ನಾವು ಹೆಚ್ಚು ನೆಚ್ಚಿದ್ದೇವೆ: "ಸೂಚನೆ ಕಾಣದಿದ್ದರೆ ಪಾಠಶಾಲೆಯ ಕಚೇರಿಗೆ ಫೋನು ಮಾಡಿರಿ" ಎಂಬ ವಾಕ್ಯವನ್ನೂ ಕಚೇರಿಯ ಸಂಖ್ಯೆಯನ್ನೂ ಎಚ್‌ಟಿಎಂಎಲ್‌ನಲ್ಲಿಯೇ ಬರೆದಿಟ್ಟೆವು. ಜಾವಾಸ್ಕ್ರಿಪ್ಟ್ ಸರಿಯಾಗಿ ಓಡಿದರೆ ತಾನೇ ಆ ವಾಕ್ಯವನ್ನು ಅಳಿಸುವುದು. ಓಡದಿದ್ದರೆ ವಾಕ್ಯವು ಹಾಗೆಯೇ ನಿಲ್ಲುವುದು. ಬರಿಯ ಬಿಳಿ ಪರದೆಯು ಇನ್ನು ಯಾರ ಕಣ್ಣಿಗೂ ಬೀಳಬಾರದು.

ಹುಡುಕತೊಡಗಿದ ಮೇಲೆ ಬೇರೆ ದೋಷಗಳೂ ಹೊರಬಿದ್ದವು. ಕೆಲವು ನಮ್ಮ ಲಿಪಿಗೆ ಸಂಬಂಧಪಟ್ಟವು. ಗುಂಡಿಗಳ ಎತ್ತರವನ್ನು ಇಂಗ್ಲಿಷಿನ ಅಳತೆಗೆ ತಕ್ಕಂತೆ ಇಟ್ಟಿದ್ದೆವಾದುದರಿಂದ ಒಂದೆರಡು ಫೋನುಗಳಲ್ಲಿ ಕೆಳಗಿನ ಒತ್ತಕ್ಷರಗಳು ಕತ್ತರಿಸಿಹೋಗಿ, 'ರಜೆ ಇಲ್ಲ' ಎಂಬುದು 'ರಜೆ ಇಲ' ಎಂದಾಗಿತ್ತು. ಉದ್ದವಾದ ತಲೆಬರಹಗಳನ್ನು ನಲವತ್ತು ಅಕ್ಷರಗಳಿಗೆ ಮೊಟಕುಮಾಡುವ ಏರ್ಪಾಡಿನಲ್ಲಿಯೂ ಎಡವಿದೆವು. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ. ಜಾವಾಸ್ಕ್ರಿಪ್ಟಿನ ಎಣಿಕೆಯಲ್ಲಿ ಆರು. ಕತ್ತರಿಯು ಅದರ ನಡುವೆ ಬಿದ್ದರೆ ಉಳಿಯುವುದು ಅರ್ಧಾಕ್ಷರ.

ಇನ್ನೊಂದು ದೋಷವನ್ನು ಈ ಊರಿನಲ್ಲಿ ಕುಳಿತು ಎಷ್ಟು ಪರೀಕ್ಷಿಸಿದರೂ ಕಾಣಲಾರೆವಾಗಿದ್ದೆವು. ಪೂರ್ವ ವಿದ್ಯಾರ್ಥಿನಿಯರ ಸಮ್ಮೇಳನದ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಗಂಟೆಯನ್ನು ಹೇಳದೆ ಬರೆದಿದ್ದೆವು. ಹಾಗೆ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಗ್ರೀನಿಚ್ಚಿನ ಮಧ್ಯರಾತ್ರಿಯೆಂದು ತಿಳಿಯುವುದು. ಆ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಐದೂವರೆ, ದಿನಾಂಕ ಸರಿ. ಅಮೆರಿಕದಲ್ಲಾದರೋ ಇನ್ನೂ ಹಿಂದಿನ ದಿನದ ಸಂಜೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಗೆಳತಿಯೊಬ್ಬಳು ಸಮ್ಮೇಳನವು ಶನಿವಾರವೆಂದು ತಿಳಿದು ಪ್ರಯಾಣದ ಟಿಕೇಟನ್ನು ನೋಡತೊಡಗಿದ್ದಳು, ಇದ್ದದ್ದು ಭಾನುವಾರ.

ಇಷ್ಟು ಕಷ್ಟವಿದ್ದರೆ ಎರಡು ಆ್ಯಪುಗಳನ್ನು ಬೇರೆ ಬೇರೆಯಾಗಿಯೇ ಬರೆಯಬಾರದೇ ಎಂದು ಕೇಳುವವರುಂಟು. ಫೇಸ್‌ಬುಕ್ಕಿನವರು ಹಾಗೆಯೇ ಮಾಡಿದರು: ವೆಬ್ ಭಾಷೆಯ ಮೇಲೆ ಅತಿಯಾಗಿ ಭಾರ ಹಾಕಿದ್ದು ದೊಡ್ಡ ತಪ್ಪೆಂದು ಮಾರ್ಕ್ ಜುಕರ್‌ಬರ್ಗ್ ೨೦೧೨ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಕೋಟ್ಯಂತರ ಜನರು ಎಡೆಬಿಡದೆ ಚಿತ್ರಗಳನ್ನು ಸರಿಸುತ್ತಿರುವ ಆ್ಯಪಿಗೆ ವೇಗವು ಮುಖ್ಯ. ನಮ್ಮದು ದಿನಕ್ಕೆ ಒಂದೆರಡು ಸೂಚನೆಗಳನ್ನು ತೋರಿಸತಕ್ಕದ್ದು. ತಿದ್ದುವ ಕೈಗಳು ನಾಲ್ಕೇ ಇರುವಾಗ, ತಪ್ಪನ್ನು ಒಂದೇ ಕಡೆ ತಿದ್ದಿದರೆ ಸಾಕೆಂಬುದು ನಮಗೆ ದೊಡ್ಡ ಲಾಭವೆಂದೇ ನಮ್ಮ ಅಭಿಪ್ರಾಯ.

ಆ ತಾಯಿಯವರು ತಮ್ಮ ಫೋನನ್ನು ಎರಡು ದಿವಸ ನಮಗೆ ಬಿಟ್ಟುಕೊಟ್ಟು ಮಹದುಪಕಾರ ಮಾಡಿದರು. ಈಗ ಹೊಸ ಆವೃತ್ತಿಯನ್ನು ಹೊರಡಿಸುವುದಕ್ಕೆ ಮುಂಚೆ ಕಚೇರಿಯ ಮೇಜಿನ ಮೇಲಿರುವ ಏಳು ಹಳೆಯ ಫೋನುಗಳಲ್ಲಿ ಅದನ್ನು ಕೈಯಾರೆ ತೆರೆದು ನೋಡುತ್ತೇವೆ. ಏಳು ಸಾಲದು. ವಾಚಕರ ಮನೆಗಳಲ್ಲಿ ಬಳಸದೆ ಬಿದ್ದಿರುವ ಹಳೆಯ ಫೋನುಗಳಿದ್ದರೆ, ಅವುಗಳಲ್ಲಿನ ಸ್ವಂತ ವಿಷಯಗಳನ್ನು ಅಳಿಸಿ, ಚಾರ್ಜರಿನೊಡನೆ ಪಾಠಶಾಲೆಯ ಕಚೇರಿಗೆ ತಲುಪಿಸಬೇಕಾಗಿ ಬೇಡುತ್ತೇವೆ. ಗಾಜು ಒಡೆದಿದ್ದರೂ ಅಡ್ಡಿಯಿಲ್ಲ.