ಗೋಲು ಹೌದಾ, ಗುರು?

ವಿಡಿಯೊ ರೆಫರಿ ಬಂದಮೇಲೆ ಗೋಲಿನ ಖುಷಿಯೇ ಹೊರಟುಹೋಯಿತು ಎಂದು ಯುರೋಪಿನ ಅಭಿಮಾನಿಗಳು ಗೋಳಾಡುವುದನ್ನು ಓದಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ಆ ಖುಷಿಯ ಕತ್ತು ಹಿಸುಕಲು ವಿಡಿಯೊ ಬೇಕೇಬೇಕು ಅಂತೇನಿಲ್ಲ. 2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೂತಿದ್ದವರನ್ನು ಕೇಳಿ. ನನ್ನನ್ನು ಕೇಳದಿದ್ದರೂ ಹೇಳುತ್ತೇನೆ, ನಮ್ಮ ಮನೆಯವರಿಗೆಲ್ಲ ಈ ಕಥೆ ಬಾಯಿಪಾಠ ಆಗಿದೆ.

ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ನಾಕೌಟ್. ಸೋತವರು ಮನೆಗೆ. ಈ ಎರಡು ತಂಡಗಳ ಅಭಿಮಾನಿಗಳ ನಂಟು ಎಂಥದ್ದು ಎಂಬುದು ಗೊತ್ತಿದ್ದವರಿಗೆ ಗೊತ್ತು. ಕೇರಳದಿಂದ ಬಂದ ‘ಮಂಜಪ್ಪಡ’ಯವರ ಜೊತೆ ಬೆಂಗಳೂರಲ್ಲೇ ನೆಲೆಸಿದ ಮಲಯಾಳಿಗಳೂ ಸೇರಿ ಗ್ಯಾಲರಿಯ ಒಂದು ಭಾಗ ಹಳದಿಯೋ ಹಳದಿ. ಇತ್ತ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಡ್ರಮ್ಮು, ನೀಲಿ ಬಾವುಟ. ನನ್ನ ಎಡಕ್ಕೆ ಒಬ್ಬ ಹಿರಿಯರು. ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು, ಕಾರ್ಖಾನೆ ತಂಡಗಳೇ ಬೆಂಗಳೂರಿನ ಫುಟ್‌ಬಾಲ್ ಆಗಿದ್ದ ಕಾಲವನ್ನು ಕಂಡವರು. ಬಲಕ್ಕೆ ಇಬ್ಬರು ಇಂಜಿನಿಯರಿಂಗ್ ಹುಡುಗರು. ಆಟ ಮಾತ್ರ, ನಿಜ ಹೇಳಬೇಕೆಂದರೆ, ಸಪ್ಪೆ. 90 ನಿಮಿಷ ಮುಗಿದರೂ 0–0.

ಹೆಚ್ಚುವರಿ ಅವಧಿ ಶುರುವಾಗಿ ಆರೇಳು ನಿಮಿಷ ಆಗಿತ್ತು. ಬ್ಲಾಸ್ಟರ್ಸ್ ಪೆನಾಲ್ಟಿ ಆವರಣದ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಗೋಲ್‌ಕೀಪರ್ ಪ್ರಭ್‌ಸುಖನ್ ಗಿಲ್ ತಮ್ಮವರನ್ನು ಸಾಲಾಗಿ ನಿಲ್ಲಿಸುವುದರಲ್ಲಿ ಮುಳುಗಿದ್ದರು. ಸುನಿಲ್ ಛೆಟ್ರಿ ಸುಮ್ಮನೆ ಚೆಂಡಿನ ಹತ್ತಿರ ನಿಂತಿದ್ದವರು, ನಾವು ನೀರಿನ ಬಾಟಲಿಗೆ ಕೈಹಾಕುವಷ್ಟರಲ್ಲಿ ಅದನ್ನು ಮೆಲ್ಲಗೆ ಎತ್ತಿ ಬಲೆಗೆ ಕಳಿಸಿಬಿಟ್ಟರು. ಕಂಠೀರವದಲ್ಲಿ ಮೈದಾನಕ್ಕೂ ನಮಗೂ ನಡುವೆ ಓಟದ ಟ್ರ್ಯಾಕ್ ಇದೆ. ಅಷ್ಟು ದೂರದಿಂದ ಕಂಡದ್ದು ಇಷ್ಟೇ: ಬಲೆ ಅಲ್ಲಾಡಿತು, ಛೆಟ್ರಿ ಓಡಿದರು. ನಾವೂ ಕೂಗಿದೆವು. ಕೂಗು ಅರ್ಧಕ್ಕೆ ಬರುವಷ್ಟರಲ್ಲಿ ಹಳದಿ ಅಂಗಿಯವರೆಲ್ಲ ರೆಫರಿಯನ್ನು ಮುತ್ತಿಕೊಂಡಿದ್ದರು.

‘ಗೋಲು ಹೌದಾ, ಗುರು?’ ಅಂತ ಬಲಗಡೆಯ ಹುಡುಗ ಕೇಳಿದ. ಅವನ ಸ್ನೇಹಿತನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆಮೇಲೆ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಗೆರೆ ದಾಟಿ ಬಂದು ತಮ್ಮ ಆಟಗಾರರನ್ನು ಕರೆದುಕೊಂಡು ಹೊರಟೇಬಿಟ್ಟರು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋದರು. ಮೈದಾನದಲ್ಲಿ ನೀಲಿ ಅಂಗಿಯವರು, ರೆಫರಿಗಳು ಮಾತ್ರ.

ಆಗ ಆ ಹುಡುಗ ಮಾಡಿದ್ದು ನನಗೆ ಇನ್ನೂ ಮರೆತಿಲ್ಲ. ಫೋನ್ ತೆಗೆದು ಮನೆಗೆ ಕರೆ ಮಾಡಿದ. ‘ಅಮ್ಮಾ, ಟಿವಿ ಹಾಕು. ಸೀರಿಯಲ್ ಆಮೇಲೆ ನೋಡ್ಕೋ. ಹನ್ನೊಂದನೇ ನಂಬರಿನವನು ಒದೆಯೋಕೆ ಮುಂಚೆ ರೆಫರಿ ವಿಷಲ್ ಹಾಕಿದ್ನಾ ನೋಡಿ ಹೇಳು.’ ಮುಂದಿನ ಸಾಲಿನವರು, ಹಿಂದಿನವರು, ಎಲ್ಲರೂ ಅವನ ಕಡೆ ತಿರುಗಿ ಕಿವಿಗೊಟ್ಟೆವು. ಆ ಕಡೆಯಿಂದ ತೀರ್ಪು ಬಂತು: ‘ಎಲ್ಲರೂ ಜಗಳ ಆಡ್ತಾ ಇದಾರೆ ಕಣೋ. ನೀನು ಬೇಗ ಮನೆಗೆ ಬಾ.’ ಕಂಠೀರವದ ಮಟ್ಟಿಗೆ ಮೊದಲ ವಿಡಿಯೊ ಸಹಾಯಕ ರೆಫರಿ (ವಿಎಆರ್) ಆ ತಾಯಿಯೇ ಎಂದು ನಾನು ತಿಳಿದಿದ್ದೇನೆ. ಆಮೇಲೆ ಕಂಡ ಎಷ್ಟೋ ತೀರ್ಪುಗಳಿಗಿಂತ ಅದು ಸ್ಪಷ್ಟವಾಗಿತ್ತು.

ಕಾದೆವು. ಡ್ರಮ್ಮು ಬಾರಿಸುವವರಿಗೂ ಬಾರಿಸುವುದೋ ಬೇಡವೋ ಎಂಬ ಅನುಮಾನ. ಎಲೆ ಹಾಕಿ, ಅನ್ನ ಬಡಿಸಿ, ‘ಸ್ವಲ್ಪ ತಡೀರಿ, ಈ ಪಂಕ್ತಿ ನಿಮ್ಮದು ಹೌದೋ ಅಲ್ಲವೋ ನೋಡ್ತೀವಿ’ ಅಂದರೆ ಹೇಗಿರುತ್ತದೆ, ಹಾಗಿತ್ತು. ಕೊನೆಗೆ ಬ್ಲಾಸ್ಟರ್ಸ್ ವಾಪಸು ಬರುವುದಿಲ್ಲ ಎಂದು ಖಾತ್ರಿಯಾಗಿ ಬೆಂಗಳೂರು 1–0ರಿಂದ ಗೆದ್ದಿತು ಎಂದಾಯಿತು. ಕೂಗಿದೆವು, ಕುಣಿದೆವು. ಆದರೆ ಮೊದಲ ಕೂಗಿನ ಜೋರು ಅದರಲ್ಲಿರಲಿಲ್ಲ. ಎಡಗಡೆಯ ಹಿರಿಯರು ಎದ್ದು ಪ್ಯಾಂಟು ಕೊಡವಿಕೊಂಡು, ‘ಗೆದ್ದಿದ್ದು ಹೌದು ಸಾರ್, ಆದ್ರೆ ಗೆದ್ದ ಹಾಗಿಲ್ಲ’ ಎಂದರು.

ವಿಎಆರ್ ಇರುವ ಊರುಗಳ ಜನ ವಾರವಾರವೂ ಇದನ್ನೇ ಹೇಳುತ್ತಾರಲ್ಲ ಎಂದು ಹೊಳೆದದ್ದು ಮೆಟ್ರೊದಲ್ಲಿ ಮನೆಗೆ ಬರುವಾಗ. ಅಂದಿನಿಂದ ನನಗೆ ಈ ವಿಎಆರ್ ಹುಚ್ಚು ಹತ್ತಿದೆ.

ಹಿನ್ನೆಲೆ ಚುಟುಕಾಗಿ: 2010ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಚೆಂಡು ಜರ್ಮನಿಯ ಗೋಲುಗೆರೆ ದಾಟಿ ಬಿದ್ದರೂ ರೆಫರಿಗೆ ಕಾಣಲಿಲ್ಲ. ಅಲ್ಲಿಂದ ತಂತ್ರಜ್ಞಾನದ ಕೂಗು ಜೋರಾಯಿತು. 2018ರ ಮಾರ್ಚ್‌ನಲ್ಲಿ ನಿಯಮ ರೂಪಿಸುವ ಮಂಡಳಿ ವಿಎಆರ್‌ಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ರಷ್ಯಾ ವಿಶ್ವಕಪ್‌ಗೆ, ಮರುವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಅದು ಬಂತು. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ತೋರಿಸಿದ ಎಡವಟ್ಟು: ಆಗ ನೋಡಬಹುದಾಗಿದ್ದದ್ದು ಈ ನಾಲ್ಕನ್ನೇ, ಅದೂ ತಪ್ಪು ಎದ್ದುಕಂಡಾಗ ಮಾತ್ರ. ಕಾಗದದ ಮೇಲೆ ಯಾರೂ ತಕರಾರು ಮಾಡುವಂತಿಲ್ಲ.

ತಕರಾರು ಬಂದದ್ದು ಕಂಕುಳಿನಿಂದ.

2019ರ ನವೆಂಬರ್ 2, ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್. ಲಿವರ್‌ಪೂಲ್‌ನ ರಾಬರ್ಟೊ ಫಿರ್ಮಿನೊ ಗೋಲು ಹೊಡೆದರು, ವಿಡಿಯೊ ಗೆರೆಗಳು ಅದನ್ನು ಆಫ್‌ಸೈಡ್ ಎಂದವು. ಯಾವ ಅಂಗ ಮುಂದಿತ್ತು? ಕಂಕುಳು, ಎಂಬ ವಿವರಣೆ ಬಂತು. ನಗಬೇಡಿ, ಇದರಲ್ಲಿ ತರ್ಕ ಇದೆ. ಕೈಯಿಂದ ಗೋಲು ಹೊಡೆಯುವಂತಿಲ್ಲವಾದ್ದರಿಂದ ಆಫ್‌ಸೈಡ್ ಲೆಕ್ಕದಲ್ಲಿ ಕೈ ಬರುವುದಿಲ್ಲ. ಭುಜ ಬರುತ್ತದೆ. ಹಾಗಾದರೆ ಭುಜ ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಗುತ್ತದೆ? ಮುಂದಿನ ವರ್ಷ ನಿಯಮ ಪುಸ್ತಕದಲ್ಲೇ ಬರೆದರು: ಕಂಕುಳಿನ ಕೆಳ ಅಂಚಿಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ನಮ್ಮದು. ಅಲ್ಲಿ ಕೂಸನ್ನು ಬಿಟ್ಟು ಕಂಕುಳನ್ನೇ ಹುಡುಕತೊಡಗಿದರು. ಆ ದಿನ ಲಿವರ್‌ಪೂಲ್ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 2–1ರಿಂದ ಗೆದ್ದಿತು. ಗೆದ್ದ ತಂಡದ ಅಭಿಮಾನಿಗಳೂ ಬೈದುಕೊಂಡೇ ಮನೆಗೆ ಹೋದ ಗೆಲುವು ಅದು.

ನನಗೆ ಈ ಕಂಕುಳು ಬಿಟ್ಟುಹೋಗುವುದಿಲ್ಲ. ಕ್ಷಮಿಸಿ, ಇನ್ನೊಂದು ಲೆಕ್ಕ ಹೇಳಲೇಬೇಕು. ಆಫ್‌ಸೈಡ್ ಅಳೆಯುವುದು ಜೊತೆಗಾರ ಚೆಂಡು ಒದ್ದ ಕ್ಷಣದಲ್ಲಿ. ಸಾಮಾನ್ಯ ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಅಂದುಕೊಳ್ಳಿ. ಎರಡು ಚಿತ್ರಗಳ ನಡುವಿನ ಅಂತರ ಸೆಕೆಂಡಿನ 50ನೇ ಒಂದು ಭಾಗ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡುವ ಆಟಗಾರ ಅಷ್ಟರಲ್ಲಿ ಸುಮಾರು 17 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಕಾಲು ಚೆಂಡಿಗೆ ತಾಗಿದ್ದು ಈ ಚಿತ್ರದಲ್ಲೋ ಮುಂದಿನದರಲ್ಲೋ ಎಂಬುದನ್ನು ಕಣ್ಣಂದಾಜಿನಲ್ಲಿ ಆರಿಸಿ, ಆಮೇಲೆ ಕಂಕುಳಿಗೆ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆದರೆ ಅದು ಯಾವ ಸೀಮೆಯ ನಿಖರತೆ? ಕ್ರಿಕೆಟ್ಟಿನವರು ಜಾಣರು. ಡಿಆರ್‌ಎಸ್‌ನಲ್ಲಿ ‘ಅಂಪೈರ್ಸ್ ಕಾಲ್’ ಎಂದು ಒಂದಿಷ್ಟು ಜಾಗ ಬಿಟ್ಟುಕೊಂಡರು: ಯಂತ್ರಕ್ಕೆ ಖಚಿತ ಇಲ್ಲದಿದ್ದರೆ ಮನುಷ್ಯ ಹೇಳಿದ್ದೇ ಉಳಿಯಲಿ. ಪ್ರೀಮಿಯರ್ ಲೀಗ್‌ನವರು 2021ರಲ್ಲಿ ಗೆರೆಯನ್ನು ದಪ್ಪ ಮಾಡಿ, ಅನುಮಾನದ ಲಾಭ ಗೋಲು ಹೊಡೆದವನಿಗೆ ಎಂದರು. 2022ರ ಕತಾರ್ ವಿಶ್ವಕಪ್ ಹೊತ್ತಿಗೆ ಸ್ಟೇಡಿಯಂ ಛಾವಣಿಯಲ್ಲಿ 12 ಕ್ಯಾಮೆರಾ, ಒಬ್ಬೊಬ್ಬ ಆಟಗಾರನ ಮೈಮೇಲೆ 29 ಬಿಂದುಗಳ ಲೆಕ್ಕ, ಚೆಂಡಿನ ಒಳಗೆ ಸೆಕೆಂಡಿಗೆ 500 ಸಲ ಸುದ್ದಿ ಕಳಿಸುವ ಸಾಧನ ಬಂದವು. ಇದನ್ನು ನಾನು ಒಪ್ಪುತ್ತೇನೆ, ಒಪ್ಪಲು ಮನಸ್ಸಿಲ್ಲದಿದ್ದರೂ. ಮೊದಲ ವಾರದಲ್ಲೇ ಅರ್ಜೆಂಟೀನಾದ ಮೂರು ಗೋಲುಗಳು ಆಫ್‌ಸೈಡ್ ಆಗಿ, ಸೌದಿ ಅರೇಬಿಯಾ 2–1ರಿಂದ ಗೆದ್ದು, ಅಲ್ಲಿನ ದೊರೆ ಮರುದಿನ ರಜೆ ಸಾರಿದರು. ತೀರ್ಪು ತಮ್ಮ ಕಡೆ ಬಂದವರಿಗೆ ತಂತ್ರಜ್ಞಾನದ ಮೇಲೆ ಎಂದೂ ದೂರಿಲ್ಲ.

ಇದಕ್ಕೆ ನಾನು ಕಂಡ ಅತ್ಯುತ್ತಮ ಸಾಕ್ಷಿ 2019ರ ಏಪ್ರಿಲ್ 17ರ ರಾತ್ರಿಯದು. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಟಾಟನ್‌ಹ್ಯಾಮ್. 93ನೇ ನಿಮಿಷದಲ್ಲಿ ಸ್ಟರ್ಲಿಂಗ್ ಗೋಲು ಹೊಡೆದರು. ಸಿಟಿ ಸೆಮಿಫೈನಲ್‌ಗೆ ಹೋದಂತೆಯೇ. ಕೋಚ್ ಗಾರ್ಡಿಯೊಲಾ ಕುಣಿದರು, ಸ್ಟೇಡಿಯಂ ಸಿಡಿಯಿತು. ಆಮೇಲೆ ದೊಡ್ಡ ಪರದೆಯ ಮೇಲೆ ಗೋಲು ಇಲ್ಲ ಎಂದು ಬಂತು, ಅಗ್ಯೂರೊ ಆಫ್‌ಸೈಡ್. ಈಗ ಮೂಲೆಯಲ್ಲಿದ್ದ ಟಾಟನ್‌ಹ್ಯಾಮ್ ಅಭಿಮಾನಿಗಳು ತಮ್ಮವರೇ ಗೋಲು ಹೊಡೆದಂತೆ ಒಬ್ಬರ ಮೇಲೊಬ್ಬರು ಬಿದ್ದರು. ಅವರ ತಂಡ ಆಟವನ್ನು 3–4ರಿಂದ ಸೋತಿತ್ತು. ಒಟ್ಟು ಲೆಕ್ಕ 4–4 ಆಗಿ, ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಬಲದಿಂದ ಅವರು ಮುಂದೆ ಹೋದರು. ಗೋಲೇ ಇಲ್ಲದ ಗೋಲಿಗೆ ಇಷ್ಟು ಆನಂದ ಪಡುವುದನ್ನು ಫುಟ್‌ಬಾಲ್‌ಗೆ ಕಲಿಸಿದ್ದೇ ವಿಎಆರ್. ಅದೇ ಟಾಟನ್‌ಹ್ಯಾಮ್ ವಿರುದ್ಧ 2023ರ ಸೆಪ್ಟೆಂಬರ್ 30ರಂದು ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲು ವಿಡಿಯೊ ನೋಡಿಯೂ ದಕ್ಕಲಿಲ್ಲ. ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆಂದೇ ತಿಳಿದು ಪರದೆಯ ಮುಂದಿದ್ದವರು ‘ಚೆಕ್ ಮುಗಿಯಿತು’ ಎಂದುಬಿಟ್ಟರು. ಚಿತ್ರ ಸರಿಯಾಗೇ ಇತ್ತು. ಕೆಟ್ಟದ್ದು ಮನುಷ್ಯರ ನಡುವಿನ ಮಾತು.

ನಾರ್ವೆಯವರು ಇಷ್ಟೆಲ್ಲ ವಾದ ಮಾಡಲಿಲ್ಲ, ಮೀನಿನ ಕೇಕು ಎಸೆದರು. 2024ರ ಜುಲೈನಲ್ಲಿ ಟ್ರೊಂಡ್‌ಹೈಮ್‌ನಲ್ಲಿ ರೋಸೆನ್‌ಬೋರ್ಗ್ ಪಂದ್ಯ ಆ ಕಾರಣಕ್ಕೆ ಅರ್ಧಕ್ಕೇ ನಿಂತಿತು. ಮರುವರ್ಷ ಅಲ್ಲಿನ ಕ್ಲಬ್ಬುಗಳು 19–13 ಮತಗಳಿಂದ ವಿಎಆರ್ ಬೇಡ ಎಂದವು. ಫುಟ್‌ಬಾಲ್ ಸಂಸ್ಥೆಯ ಮಹಾಸಭೆ ಮಾತ್ರ ಉಳಿಸಿಕೊಂಡಿತು.

ಇತ್ತ ನಮ್ಮ ಛೆಟ್ರಿ ಗೋಲಿನ ವಿಷಯ. ರೆಫರಿ ಅಡ್ಡ ನಿಂತ ಆಟಗಾರರ ಗೋಡೆಯ ಜಾಗ ಅಳೆದು ‘ಕಾಯಿ’ ಎಂದಿದ್ದರೆ ವಿಷಲ್‌ಗೆ ಕಾಯಬೇಕು. ಇಲ್ಲದಿದ್ದರೆ ತಕ್ಷಣ ಒದೆಯಬಹುದು. ವಿಷಲ್ ಬೇಡ ಎಂದು ರೆಫರಿಗೆ ತಾನು ಮೊದಲೇ ಹೇಳಿದ್ದಾಗಿ ಪಂದ್ಯದ ಬಳಿಕ ಛೆಟ್ರಿ ಹೇಳಿದರು. ಬ್ಲಾಸ್ಟರ್ಸ್‌ನವರು ಅದನ್ನು ಒಪ್ಪಲಿಲ್ಲ. ಮೂರು ದಿನಗಳಲ್ಲೇ ಅವರ ದೂರು ಬಿದ್ದುಹೋಯಿತು, ತಿಂಗಳ ಕೊನೆಗೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ನನ್ನ ಆಸಕ್ತಿ ಬೇರೆ. ಆ ರಾತ್ರಿ ಕಂಠೀರವದ ಛಾವಣಿಯಲ್ಲೂ 12 ಕ್ಯಾಮೆರಾ ಇದ್ದಿದ್ದರೆ? ಚೆಂಡು ಎಲ್ಲಿತ್ತು, ಕೀಪರ್ ಎಲ್ಲಿದ್ದ ಎಂಬುದನ್ನೆಲ್ಲ ಅವು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತಿದ್ದವು. ಜಗಳ ಇದ್ದದ್ದು ಇಬ್ಬರು ಮನುಷ್ಯರ ನಡುವೆ ಆಡಿದ ಒಂದೆರಡು ಮಾತಿನ ಬಗ್ಗೆ. ಅದಕ್ಕೆ ಬಿಂದುವೂ ಇಲ್ಲ, ಗೆರೆಯೂ ಇಲ್ಲ.

ಹದಿನೈದು ದಿನ ಕಳೆದು, ಮಾರ್ಚ್ 18ರಂದು ಗೋವಾದ ಫಟೋರ್ಡದಲ್ಲಿ ಫೈನಲ್. ಎಟಿಕೆ ಮೋಹನ್ ಬಾಗನ್ ವಿರುದ್ಧ ಬೆಂಗಳೂರು 2–1ರಿಂದ ಮುಂದಿದ್ದಾಗ, 85ನೇ ನಿಮಿಷದಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. 2–2 ಆಗಿ, ಪೆನಾಲ್ಟಿ ಶೂಟೌಟ್‌ನಲ್ಲಿ 3–4ರಿಂದ ಸೋತೆವು. ತಂಡದ ಮಾಲೀಕ ಪಾರ್ಥ್ ಜಿಂದಾಲ್ ವಿಎಆರ್ ಬೇಕು ಎಂದು ಟ್ವೀಟ್ ಮಾಡಿದರು. ಮಾರ್ಚ್ 3ರಂದು ‘ರೆಫರಿ ಕೊಟ್ಟಮೇಲೆ ಮುಗೀತು, ಫುಟ್‌ಬಾಲ್ ಅಂದ್ರೆ ಇದೇ’ ಎಂದು ಎದೆತಟ್ಟಿದ್ದ ನನ್ನ ಗೆಳೆಯರೇ ಮಾರ್ಚ್ 18ರಂದು ‘ಯಾವ ಕಾಲದಲ್ಲಿದ್ದೀವಿ, ಒಂದು ರೀಪ್ಲೇ ನೋಡೋಕೂ ಗತಿಯಿಲ್ವಾ’ ಎಂದರು. ನಾನು ಅವರಿಗಿಂತ ಜೋರಾಗಿ ಅಂದೆ.

ಅಷ್ಟೊಂದು ಕ್ಯಾಮೆರಾ ಕೊಳ್ಳಲಾಗದ ಲೀಗ್‌ಗಳಿಗಾಗಿ ಫಿಫಾ ಈಗ ಬೇರೊಂದು ದಾರಿ ಹಿಡಿದಿದೆ. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಅದನ್ನು ಆಡಿಸಿ ನೋಡಿದರು. ಪರದೆಯ ಮುಂದೆ ಕೂತು ಎಲ್ಲವನ್ನೂ ಹುಡುಕುವ ರೆಫರಿ ಅದರಲ್ಲಿ ಇಲ್ಲ. ಕೋಚ್‌ಗೆ ಡಿಆರ್‌ಎಸ್ ಥರ ಎರಡು ಅವಕಾಶ. ಬೇಕೆನಿಸಿದಾಗ ಬೆರಳು ತಿರುಗಿಸಿ ಒಂದು ಕಾರ್ಡು ಕೊಟ್ಟರೆ, ರೆಫರಿ ಮೈದಾನದ ಬದಿಯಲ್ಲಿ ರೀಪ್ಲೇ ನೋಡಿ ಹೇಳುತ್ತಾರೆ. ಐಎಸ್‌ಎಲ್‌ಗೆ ಏನಾದರೂ ತರುವುದಿದ್ದರೆ ಇದು ಬರಲಿ, ಕಂಕುಳಿನ ಗೆರೆ ಬೇಡ. ಆ ರಾತ್ರಿ ವುಕೊಮನೊವಿಚ್ ಕೈಯಲ್ಲಿ ಅಂಥ ಒಂದು ಕಾರ್ಡು ಇದ್ದಿದ್ದರೆ ತಂಡವನ್ನು ಒಳಗೆ ಕರೆದೊಯ್ಯುವ ಬದಲು ಅದನ್ನು ಕೊಡುತ್ತಿದ್ದರು. ಗೋಲು ಹಾಗೇ ಉಳಿದಿದ್ದರೂ ಇನ್ನೂ 20 ನಿಮಿಷಕ್ಕೂ ಮೇಲೆ ಆಟ ಬಾಕಿಯಿತ್ತು. ನಾವು ಪೂರ್ತಿ ಗೆಲ್ಲುತ್ತಿದ್ದೆವು, ಇಲ್ಲವೇ ಸೋಲುತ್ತಿದ್ದೆವು.