ತಣ್ಣೀರಿಗೆ ಬಂದ ಬೇಟೆಗಾರ

ಶಿಕಾರಿಪುರದ ಹೆಸರಿನಲ್ಲಿಯೇ ಬೇಟೆಯಿದೆ. ಹಿಂದೆ ಮಹಾದಾನಪುರವೆನಿಸಿದ್ದ ಊರು, ಹೈದರಾಲಿಯೋ ಟಿಪ್ಪುವೋ ಈ ಸೀಮೆಯಲ್ಲಿ ಬೇಟೆಯಾಡಿದ ಮೇಲೆ ಈಗಿನ ಹೆಸರನ್ನು ಪಡೆಯಿತೆಂದು ಪ್ರತೀತಿ. ನೆರೆಯ ಸೊರಬ ತಾಲ್ಲೂಕಿಗೆ ಹೋದರೆ ಹಳ್ಳಿಹಳ್ಳಿಯಲ್ಲಿಯೂ ವೀರಗಲ್ಲುಗಳು ಕಣ್ಣಿಗೆ ಬೀಳುತ್ತವೆ. ತುರುಗಳಿಗಾಗಿ, ಊರಿಗಾಗಿ ಹೋರಾಡಿ ಮಡಿದವರ ಕಲ್ಲುಗಳವು. ಹುಲಿಯೊಡನೆ ಸೆಣಸಿ ಸತ್ತವರಿಗೂ ಮಲೆನಾಡಿನಲ್ಲಿ ಇಂಥ ಕಲ್ಲುಗಳುಂಟು. ಆದುದರಿಂದ ಇಲ್ಲಿಯ ಕಾಡಿನಂಚಿನ ರೈತನಿಗೆ ಒಂದು ಮಾತನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ: ಹಂದಿ, ಜಿಂಕೆಗಳು ಹೆಚ್ಚಿದ ಕಡೆಗೆ ಚಿರತೆಯೂ ಬರುತ್ತದೆ.

ಕಡಲಿಗೂ ಇದೇ ನಿಯಮ. ಅದಕ್ಕೆ ಸಾಕ್ಷಿ ಬೇಕಾದರೆ ವಾಚಕರು ನಮ್ಮೊಡನೆ ಅಮೆರಿಕದ ಪೂರ್ವತೀರಕ್ಕೆ ಬರಬೇಕು. ಬಾಸ್ಟನ್ ನಗರದ ಆಗ್ನೇಯಕ್ಕೆ ಕೊಕ್ಕೆಯಂತೆ ಬಾಗಿ ಅಟ್ಲಾಂಟಿಕ್ ಸಾಗರಕ್ಕೆ ಚಾಚಿಕೊಂಡಿರುವ ಭೂಶಿರಕ್ಕೆ ಕೇಪ್ ಕಾಡ್ ಎಂದು ಹೆಸರು. ಬಾಸ್ಟನ್ನಿನಲ್ಲಿ ನೆಲಸಿರುವ ಕನ್ನಡ ಸಂಸಾರಗಳೂ ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಮರಳ ದಂಡೆ ಅದು. ನಡುಬೇಸಿಗೆಯಲ್ಲಿಯೂ ಅಲ್ಲಿಯ ನೀರಿಗಿಳಿದರೆ ಮೈ ನಡುಗುತ್ತದೆ.

ಆ ತೀರದಲ್ಲಿ ಸೀಲ್ ಎಂಬ ಕೊಬ್ಬು ತುಂಬಿದ ಕಡಲಪ್ರಾಣಿ ಹಿಂದೆ ಹೇರಳವಾಗಿತ್ತು. ಮೀನನ್ನು ತಿಂದುಹಾಕುತ್ತದೆಂಬ ಕಾರಣಕ್ಕೆ ಸರ್ಕಾರವೇ ಅದರ ತಲೆಗೆ ಬಹುಮಾನ ಕಟ್ಟಿತು. ಕೊಂದ ಸೀಲಿನ ಮೂಗನ್ನು ತಂದು ತೋರಿಸಿದವನಿಗೆ ಹಣ ಸಿಗುತ್ತಿತ್ತು. 1962ರವರೆಗೆ ಈ ಪದ್ಧತಿ ನಡೆಯಿತು. ಸೀಲ್ ಬಹುಮಟ್ಟಿಗೆ ನಿರ್ನಾಮವಾಯಿತು. 1972ರಲ್ಲಿ ಕಡಲ ಸಸ್ತನಿಗಳನ್ನು ರಕ್ಷಿಸುವ ಕಾನೂನು ಬಂದ ಮೇಲೆ ಅವು ಮೆಲ್ಲಮೆಲ್ಲನೆ ಮರಳಿದವು. ಇಂದು ದಂಡೆಯ ಮೇಲೆ ಅವುಗಳ ಹಿಂಡು ಹಿಂಡೇ ಬಿಸಿಲು ಕಾಯಿಸಿಕೊಳ್ಳುತ್ತದೆ.

ಸೀಲ್ ಬಂದಿತು, ಅದರ ಹಿಂದೆಯೇ ಅದನ್ನು ತಿನ್ನುವ ಬಿಳಿ ಶಾರ್ಕ್ ಬಂದಿತು. ಇಪ್ಪತ್ತು ಅಡಿಯವರೆಗೆ ಬೆಳೆಯಬಲ್ಲ ಈ ಮೀನನ್ನು ಆ ಸಾಗರದಲ್ಲಿ ಹಿಡಿಯಕೂಡದೆಂದು 1997ರಲ್ಲಿ ಅಮೆರಿಕ ವಿಧಿಸಿತ್ತು. 2015ರಿಂದ 2018ರವರೆಗಿನ ನಾಲ್ಕು ವರ್ಷಗಳಲ್ಲಿ ಸುಮಾರು 800 ಬಿಳಿ ಶಾರ್ಕುಗಳು ಕೇಪ್ ಕಾಡಿಗೆ ಬಂದುಹೋದುವೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಮೀನೆಂದರೆ ತಣ್ಣನೆಯ ರಕ್ತದ ಪ್ರಾಣಿಯೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಗಿರುವಾಗ ಇದು ಕೊರೆಯುವ ನೀರಿನಲ್ಲಿ ಮಿಂಚಿನಂತೆ ಎರಗುವುದು ಹೇಗೆ? ಅದರ ಮೈಯೊಳಗೆ ಸೂಕ್ಷ್ಮ ರಕ್ತನಾಳಗಳ ದಟ್ಟವಾದ ಜಾಲವಿದೆ. ದುಡಿಯುವ ಸ್ನಾಯುಗಳಿಂದ ಹೊರಟ ಬಿಸಿ ರಕ್ತ, ಕಿವಿರುಗಳಿಂದ ಬರುವ ತಣ್ಣನೆಯ ರಕ್ತದ ಪಕ್ಕದಲ್ಲಿಯೇ ಎದುರು ದಿಕ್ಕಿಗೆ ಹರಿಯುತ್ತ ತನ್ನ ಶಾಖವನ್ನು ಅದಕ್ಕೆ ಒಪ್ಪಿಸಿಬಿಡುತ್ತದೆ. ಹೀಗೆ ಶಾಖವು ನೀರಿನ ಪಾಲಾಗದೆ ಒಡಲಿನಲ್ಲಿಯೇ ಉಳಿಯುತ್ತದೆ. ಅದರ ಜಠರವು ಸುತ್ತಲಿನ ನೀರಿಗಿಂತ 14 ಡಿಗ್ರಿ ಸೆಲ್ಷಿಯಸ್‌ನಷ್ಟು ಬೆಚ್ಚಗಿರುವುದೂ ಉಂಟು.

ಮರಿಗಳಿಗೆ ಮಾತ್ರ ಈ ಸೌಕರ್ಯ ಸಾಲದು. ಪುಟ್ಟ ಮೈಯಿಂದ ಶಾಖ ಬೇಗನೆ ಸೋರಿಹೋಗುವುದರಿಂದ ಅವು ಬೆಚ್ಚನೆಯ ನೀರನ್ನೇ ಹುಡುಕುತ್ತವೆ. ಅಮೆರಿಕದ ಪಶ್ಚಿಮದಲ್ಲಿ ಅವುಗಳ ನೆಲೆ ದಕ್ಷಿಣ ಕ್ಯಾಲಿಫೋರ್ನಿಯದ ತೀರ. ಆದರೆ 2014ರಲ್ಲಿ ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯಾದಾಗ, ಅವು ಉತ್ತರದಲ್ಲಿರುವ, ತಣ್ಣೀರಿಗೆ ಹೆಸರಾದ ಮಾಂಟೆರೆ ಕೊಲ್ಲಿಯಲ್ಲಿ ಕಾಣಿಸಿಕೊಂಡವು. ನಮ್ಮ ಹೊಳೆಗಳ ನೀರುನಾಯಿಯ ಬಂಧುವಾದ ಕಡಲ ನೀರುನಾಯಿ ಅಲ್ಲಿ ವಾಸಿಸುತ್ತದೆ. ಶಾರ್ಕ್ ಅದನ್ನು ತಿನ್ನುವುದಿಲ್ಲ; ಆದರೂ ಕಚ್ಚಿ ಬಿಟ್ಟ ಗಾಯದಿಂದಲೇ ಎಷ್ಟೋ ನೀರುನಾಯಿಗಳು ಸತ್ತಿವೆ. ಒಂದೆಡೆ ಕಾನೂನು ಕಾಪಾಡಿದ ಆಹಾರ, ಇನ್ನೊಂದೆಡೆ ಕಾಯುತ್ತಿರುವ ಸಮುದ್ರ. ಬೇಟೆಗಾರನ ಹಾದಿಯನ್ನು ಬದಲಿಸಿದ ಈ ಎರಡು ಕಾರಣಗಳ ಹಿಂದೆಯೂ ಮನುಷ್ಯನ ಕೈವಾಡವಿದೆ.

ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. 2018ರ ಸೆಪ್ಟೆಂಬರಿನಲ್ಲಿ ಕೇಪ್ ಕಾಡಿನ ವೆಲ್‌ಫ್ಲೀಟ್ ದಂಡೆಯಲ್ಲಿ ಅಲೆಗಳೊಡನೆ ಆಡುತ್ತಿದ್ದ 26 ವರ್ಷದ ಯುವಕನೊಬ್ಬ ಶಾರ್ಕಿನ ಬಾಯಿಗೆ ಸಿಕ್ಕಿ ಮೃತನಾದನು. ಆ ರಾಜ್ಯದಲ್ಲಿ 1936ರ ತರುವಾಯ ಇಂಥ ಸಾವು ಅದೇ ಮೊದಲು. 2020ರ ಜುಲೈಯಲ್ಲಿ, ಇನ್ನೂ ಉತ್ತರದ ಮೇನ್ ರಾಜ್ಯದಲ್ಲಿ ಈಜುತ್ತಿದ್ದ ಮಹಿಳೆಯೊಬ್ಬರು ಪ್ರಾಣ ತೆತ್ತರು. ಹೆತ್ತವರ ಪಾಲಿಗೆ ಇವು ಅಂಕೆಸಂಖ್ಯೆಗಳಲ್ಲ. ಸೀಲುಗಳನ್ನು ಕೊಂದು ಕಡಿಮೆ ಮಾಡಿರೆಂಬ ಕೂಗು ಎದ್ದುದು ಸಹಜವೇ.

ಆದರೂ ಅಲ್ಲಿಯ ಜನ ಕೋವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ದಂಡೆಯಲ್ಲಿ ಶಾರ್ಕಿನ ಚಿತ್ರವುಳ್ಳ ನೇರಳೆ ಬಾವುಟವನ್ನು ಹಾರಿಸುತ್ತಾರೆ. ಯಂತ್ರದ ಗುರುತು ತೊಡಿಸಿದ ಶಾರ್ಕ್ ಹತ್ತಿರ ಸುಳಿದರೆ ನೀರಿನಲ್ಲಿ ತೇಲುವ ಯಂತ್ರಗಳು ಸುದ್ದಿ ಮುಟ್ಟಿಸುತ್ತವೆ. ಆಗ ಈಜುವವರನ್ನು ಮೇಲಕ್ಕೆ ಕರೆಯುತ್ತಾರೆ. ಸುರಿಯುವ ರಕ್ತವನ್ನು ಕಟ್ಟುವ ಸಾಮಗ್ರಿಯನ್ನು ದಂಡೆಯಲ್ಲಿಯೇ ಇರಿಸಿದ್ದಾರೆ. ಸೀಲುಗಳ ಹತ್ತಿರ ಈಜಬೇಡಿ ಎಂದು ಮಕ್ಕಳಿಗೂ ಹೇಳಿಕೊಡುತ್ತಾರೆ.

ಈ ತಾಳ್ಮೆಗೆ ಕಾರಣವುಂಟು. ಬಿಳಿ ಶಾರ್ಕಿನ ಹೆಣ್ಣು ಮರಿಹಾಕುವ ಪ್ರಾಯಕ್ಕೆ ಬರಲು ಮೂವತ್ತಕ್ಕೂ ಮಿಕ್ಕಿ ವರ್ಷಗಳು ಬೇಕು. ಇಂದು ಕೊಂದುಹಾಕಿದರೆ ಆ ನಷ್ಟವನ್ನು ತುಂಬಲು ಒಂದು ತಲೆಮಾರು ಕಾಯಬೇಕು. ‘ಜಾಸ್’ ಕಾದಂಬರಿಯನ್ನು 1974ರಲ್ಲಿ ಪ್ರಕಟಿಸಿ ಲೋಕವನ್ನೆಲ್ಲ ಹೆದರಿಸಿದ ಪೀಟರ್ ಬೆಂಚ್ಲಿಯವರೇ ಮುಂದೆ ಶಾರ್ಕುಗಳ ರಕ್ಷಣೆಗಾಗಿ ದುಡಿದರು. ನಮ್ಮ ದೇಶವೂ ಹಿಂದುಳಿದಿಲ್ಲ. ಯಾರಿಗೂ ಕೇಡು ಮಾಡದ ತಿಮಿಂಗಿಲ ಶಾರ್ಕಿಗೆ 2001ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಗುಜರಾತಿನ ಮೀನುಗಾರರು ತಮ್ಮ ಬಲೆಯನ್ನೇ ಕತ್ತರಿಸಿ ನೂರಾರು ಮೀನುಗಳನ್ನು ಕಡಲಿಗೆ ಬಿಟ್ಟಿದ್ದಾರೆ.

ಕೇಡು ಮಾಡದ ಪ್ರಾಣಿಯನ್ನು ಉಳಿಸುವುದು ಸುಲಭ. ನಮ್ಮನ್ನು ಕೊಲ್ಲಬಲ್ಲ ಪ್ರಾಣಿಯನ್ನೂ ಉಳಿಸಿ, ನಮ್ಮ ಮಕ್ಕಳನ್ನೂ ಕಾಪಾಡಿಕೊಳ್ಳುವುದೇ ಕಠಿನ. ಕೇಪ್ ಕಾಡಿನ ದಂಡೆಯವರೂ, ಕೊಟ್ಟಿಗೆಯ ಬಾಗಿಲನ್ನು ಭದ್ರಪಡಿಸಿ ಮಲಗುವ ನಮ್ಮ ಕಾಡಂಚಿನ ರೈತರೂ ಎದುರಿಸುತ್ತಿರುವುದು ಈ ಒಂದೇ ಪರೀಕ್ಷೆಯನ್ನು. ಹುಲಿಯೊಡನೆ ಹೋರಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದ ನಮ್ಮ ಹಿರಿಯರು ವೀರನ ಎದುರಿಗೆ ಹುಲಿಯನ್ನೂ ಕಡೆಸಿದರು. ಕಲ್ಲಿನಲ್ಲಿ ಇಬ್ಬರಿಗೂ ಎಡೆಯಿತ್ತು. ನೆಲದ ಮೇಲೆ, ನೀರಿನಲ್ಲಿ ಇಬ್ಬರಿಗೂ ಎಡೆ ಮಾಡಿಕೊಡುವ ಕೆಲಸ ನಮ್ಮ ಕಾಲದವರ ಪಾಲಿಗೆ ಬಂದಿದೆ.