ಹೀಟರ್ ಬಿಸಿಯಾಗದಿದ್ದರೆ ಎಂಜಿನ್ ನೋಡಬೇಕು

ಪೆಟ್ರೋಲ್ ಇರಲಿ, ಡೀಸೆಲ್ ಇರಲಿ, ಕಾರಿನ ಹೀಟರ್ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಎಂಜಿನ್ನಿನ ಶಾಖ ಹೀರಿ ಬಿಸಿಯಾದ ಕೂಲಂಟ್‌ನ ಒಂದು ಪಾಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬಂದು ಹೋಗುತ್ತದೆ. ಅದರ ಮೂಲಕ ಹಾಯ್ದ ಗಾಳಿಯೇ ಒಳಗೆ ಬೆಚ್ಚಗೆ ಬೀಸುವುದು. ಆದ್ದರಿಂದ ಹೀಟರ್ ಬಿಸಿಯಾಗುತ್ತಿಲ್ಲವೆಂದರೆ ಎಷ್ಟೋ ಸಲ ಕೆಟ್ಟಿರುವುದು ಎಂಜಿನ್ನನ್ನು ಕಾಪಾಡುವ ಕೂಲಿಂಗ್ ವ್ಯವಸ್ಥೆಯೇ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಹೀಟರ್ ಗುಂಡಿಯನ್ನು ವರ್ಷಗಟ್ಟಲೆ ಮುಟ್ಟದವರೇ ಹೆಚ್ಚು. ಬಿಸಿಲ ಸೀಮೆಗೆ ಹೀಟರ್ ಯಾಕೆಂಬ ಮಾತೂ ಸಹಜ. ಆದರೆ ಡಿಸೆಂಬರ್–ಜನವರಿಯ ನಸುಕಿನಲ್ಲಿ ಗುತ್ತಲದ ಕಡೆಯಿಂದ ಗಳಗನಾಥಕ್ಕೆ ಹೊರಟವರಿಗೆ, ವರದಾ–ತುಂಗಭದ್ರಾ ಸಂಗಮ ಹತ್ತಿರವಾದಂತೆ ಮುಂದಿನ ಗಾಜಿನ ಒಳಮೈ ಮಬ್ಬಾಗುವುದು ಹೊಸದಲ್ಲ. ಕೂತವರ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟಿದ್ದರಿಂದ ಆದ ಮಬ್ಬು ಅದು. ಎ.ಸಿ. ಮತ್ತು ಹೀಟರ್ ಎರಡನ್ನೂ ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿದರೆ ಬೇಗ ಬಿಡುತ್ತದೆ. ಎ.ಸಿ. ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗಾಗಿಸುತ್ತದೆ. ಒಂದು ಕೈಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಬಟ್ಟೆಯಿಂದ ಗಾಜು ಒರೆಸುತ್ತ ಹೋಗುವುದು ಅಪಾಯ. ಹೀಟರ್ ಇಲ್ಲಿಯೂ ಬೇಕು.

ಚಳಿಗಾಲದ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಥರ್ಮೋಸ್ಟಾಟ್. ಎಂಜಿನ್ ತಣ್ಣಗಿರುವಾಗ ಈ ಕವಾಟ ಮುಚ್ಚಿಕೊಂಡು, ಕೂಲಂಟ್ ದೊಡ್ಡ ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಅದರೊಳಗಿನ ಮೇಣ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ಕವಾಟ ತೆರೆದೇ ಸಿಕ್ಕಿಬಿದ್ದರೆ ಎಂಜಿನ್ ಎಷ್ಟು ಓಡಿದರೂ ಪೂರ್ತಿ ಕಾಯುವುದಿಲ್ಲ. ಮೀಟರಿನ ಮುಳ್ಳು ನಡುವಿಗೆ ಏರುವುದಿಲ್ಲ. ಏರಿದರೂ ಹೆದ್ದಾರಿಯಲ್ಲಿ ವೇಗ ಹಿಡಿದೊಡನೆ ಇಳಿಯುತ್ತದೆ. ಮುಳ್ಳಿಲ್ಲದ ಕೆಲವು ಹೊಸ ಕಾರುಗಳಲ್ಲಿ ನೀಲಿ ದೀಪ ಬಹಳ ಹೊತ್ತು ಆರುವುದಿಲ್ಲ. ಸ್ಕ್ಯಾನರ್ ಹಚ್ಚಿದರೆ ಪಿ0128 ಎಂಬ ಕೋಡ್ ಸಿಗಬಹುದು.

ಇದಕ್ಕಿಂತ ಬೇಸರದ ಸಂಗತಿ, ಎಷ್ಟೋ ಹಳೆಯ ಗಾಡಿಗಳಲ್ಲಿ ಥರ್ಮೋಸ್ಟಾಟೇ ಇರುವುದಿಲ್ಲ. ಬೇಸಿಗೆಯಲ್ಲಿ ಗಾಡಿ ಕುದಿಯಿತೆಂದು ಯಾರೋ ಅದನ್ನು ಕಿತ್ತೆಸೆದಿರುತ್ತಾರೆ. ಅದರಿಂದ ಕುದಿಯುವ ಮೂಲ ಕಾರಣ ಹೋಗುವುದಿಲ್ಲ. ಮೇಲಾಗಿ, ಕಾಯದ ಎಂಜಿನ್ ಹೆಚ್ಚು ಇಂಧನ ಸುಡುತ್ತದೆ, ಆಯಿಲ್‌ಗೆ ತೇವ ಮತ್ತು ಇಂಧನ ಬೆರೆಯುತ್ತದೆ, ಸವಕಳಿ ಬೇಗ ಆಗುತ್ತದೆ. ತೆಗೆದ ಥರ್ಮೋಸ್ಟಾಟ್ ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು ಸುಲಭ. ಅದರ ಕವಾಟದ ಸಂದಿಗೆ ದಾರ ಸಿಕ್ಕಿಸಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಒಲೆಯ ಮೇಲಿಡಬೇಕು; ಪಕ್ಕದಲ್ಲೊಂದು ಥರ್ಮಾಮೀಟರ್ ಇರಬೇಕು. ಕವಾಟ ಬಾಯಿಬಿಟ್ಟ ಕ್ಷಣ ಅದು ದಾರದಿಂದ ಕಳಚಿ ಬೀಳುತ್ತದೆ. ಆಗಿನ ಉಷ್ಣತೆ ಅದರ ಮೇಲೆ ಮುದ್ರಿಸಿದ ಅಂಕಿಗೆ ಹತ್ತಿರವಿರಬೇಕು. ಆ ಪಾತ್ರೆ ಮತ್ತೆ ಅಡುಗೆಗೆ ಬಾರದು.

ಮುಳ್ಳು ಸರಿಯಾಗಿ ಏರಿಯೂ ಗಾಳಿ ತಣ್ಣಗಿದ್ದರೆ ಹೀಟರಿನ ಎರಡು ಪೈಪುಗಳನ್ನು ಪರೀಕ್ಷಿಸಬೇಕು. ಫ್ಯಾನು, ಬೆಲ್ಟುಗಳಿಂದ ಕೈ ದೂರವಿಟ್ಟು, ದಪ್ಪ ಬಟ್ಟೆ ಹಿಡಿದು ಮುಟ್ಟಿದರೆ ಸಾಕು. ಎರಡೂ ಬಿಸಿಯಾಗಿದ್ದರೆ ದೋಷ ನೀರಿನದಲ್ಲ. ಬಿಸಿ–ತಂಪು ಗಾಳಿಯನ್ನು ಬೆರೆಸುವ ಒಳಗಿನ ಫ್ಲ್ಯಾಪ್ ಅಥವಾ ಅದನ್ನು ತಿರುಗಿಸುವ ಮೋಟಾರು, ಕೇಬಲ್ ಕೆಟ್ಟಿದೆ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಹೀಟರಿನ ಪುಟ್ಟ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಹೀಟರ್ ವಾಲ್ವ್ ತೆರೆಯುತ್ತಿಲ್ಲ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ.

ಎಂಜಿನ್ ವಿಪರೀತ ಬಿಸಿಯಾಗುತ್ತಿದ್ದು ಹೀಟರ್ ಮಾತ್ರ ತಣ್ಣನೆಯ ಗಾಳಿ ಬಿಡುತ್ತಿದ್ದರೆ ಗಾಡಿಯನ್ನು ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಆರಿಸಬೇಕು. ಕೂಲಂಟ್ ಕಡಿಮೆಯಾಗಿ ಹೀಟರ್ ತನಕ ತಲುಪುತ್ತಿಲ್ಲ ಅಥವಾ ವಾಟರ್ ಪಂಪ್ ತಳ್ಳುತ್ತಿಲ್ಲ ಎಂಬುದರ ಗುರುತು ಇದು. ಬರೀ ನೀರು ತುಂಬಿಸಿ ಮುಂದೆ ಸಾಗಿದರೆ ಕಾರಣ ಹಾಗೇ ಉಳಿಯುತ್ತದೆ. ಪಂಪಿನ ಕೆಳಗಿನ ಸಣ್ಣ ತೂತು, ಪೈಪಿನ ಕ್ಲ್ಯಾಂಪು, ರೇಡಿಯೇಟರಿನ ಅಂಚು ಒದ್ದೆಯಿವೆಯೇ ನೋಡಬೇಕು. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಜಿಗುಟಾಗಿ ಒದ್ದೆಯಾಗಿ, ಒಳಗೆ ಸಿಹಿ ವಾಸನೆ ಬಂದು, ಗಾಜಿಗೆ ಎಣ್ಣೆಯಂಥ ಪೊರೆ ಕಟ್ಟಿದರೆ ಸೋರುತ್ತಿರುವುದು ಹೀಟರ್. ವಾಸನೆಯಿಲ್ಲದ ತಿಳಿನೀರಾದರೆ ಎ.ಸಿ. ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು.

ಎಲ್ಲೂ ಸೋರದೆ ಗಾಡಿ ನೀರು ಕುಡಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಬರಬೇಕು. ಚಳಿಯ ಬೆಳಗ್ಗೆ ಸೈಲೆನ್ಸರಿನಿಂದ ಬಿಳಿ ಹಬೆ ಬರುವುದು ಸಹಜ. ಎಂಜಿನ್ ಕಾದ ಮೇಲೂ ಅದು ದಟ್ಟವಾಗಿ ಬರುತ್ತಿದ್ದರೆ, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸಬಾರದು.

ಇಷ್ಟು ದೋಷಗಳಲ್ಲಿ ಅನೇಕವು ಬೋರ್ ನೀರಿನಿಂದ ಶುರುವಾಗುತ್ತವೆ. ಗಡಸು ನೀರಿನ ಲವಣ ಬಿಸಿ ಲೋಹಕ್ಕೆ ಅಂಟಿ ಗಟ್ಟಿಯಾಗುತ್ತದೆ, ತುಕ್ಕು ಅದಕ್ಕೆ ಸೇರುತ್ತದೆ. ಹೀಟರಿನ ಕೊಳವೆಗಳು ಸಣ್ಣವಾದ್ದರಿಂದ ಮೊದಲು ಕಟ್ಟುವುದು ಅವೇ. ಕಂಪನಿ ಹೇಳಿದ ಜಾತಿಯ ಕೂಲಂಟ್ ಹಾಕಬೇಕು. ಬಣ್ಣ ನೋಡಿ ಜಾತಿ ತಿಳಿಯುವುದಿಲ್ಲ. ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಪಾಲಿನಲ್ಲಿದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೂ ಗಡ್ಡೆಕಟ್ಟುವುದಿಲ್ಲ. ಹಾವೇರಿಯಲ್ಲಿ ಆ ಚಳಿ ಇಲ್ಲದಿದ್ದರೂ ಕುದಿಯುವ ಮಟ್ಟವನ್ನು ಏರಿಸುವ, ತುಕ್ಕು ತಡೆಯುವ ಕೆಲಸ ಇಲ್ಲಿಗೂ ಬೇಕು. ಬರೀ ನೀರು ತುಂಬಿದ ಗಾಡಿಯನ್ನು ಚಳಿಗಾಲದಲ್ಲಿ ಮನಾಲಿಗೋ ಲಡಾಖಿಗೋ ಒಯ್ದರೆ, ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಎಂಜಿನ್ ಬ್ಲಾಕೇ ಸೀಳಬಹುದು.

ಗೋವಿನಜೋಳದ ಸುಗ್ಗಿಯಲ್ಲಿ ಇನ್ನೊಂದು ಕಾರಣ ಸೇರುತ್ತದೆ. ರಸ್ತೆಯ ಮೇಲೆ ಒಣಹಾಕಿದ ಬೆಳೆಯ ಹೊಟ್ಟು, ರವದಿ ರೇಡಿಯೇಟರಿನ ಜಾಲರಿಗೆ ಸಿಕ್ಕಿ ಗಾಳಿ ತಡೆಯುತ್ತದೆ. ಆಗ ತಂಪು ಹೊತ್ತಿನಲ್ಲೂ ಗಾಡಿ ಬಿಸಿಯಾದೀತು. ಎಂಜಿನ್ ಆರಿದ ಮೇಲೆ ಮೆಲ್ಲನೆ ನೀರು ಬಿಟ್ಟು ತೊಳೆಯಬೇಕು. ಜೋರು ಧಾರೆಗೆ ರೆಕ್ಕೆಗಳು ಮಡಿಚಿಕೊಳ್ಳುತ್ತವೆ.

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬಾರದು. ಒತ್ತಡದಲ್ಲಿರುವ ಕೂಲಂಟ್ ಚಿಮ್ಮಿ ಮುಖ, ಕೈ ಸುಡುತ್ತದೆ. ಇಳಿಸಿದ ಹಳೆಯ ಕೂಲಂಟನ್ನು ಅಂಗಳಕ್ಕೆ, ಚರಂಡಿಗೆ ಚೆಲ್ಲದೆ ಮುಚ್ಚಿದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಬೇಕು. ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ದನ, ಮಕ್ಕಳು ಬಾಯಿಗಿಡಬಹುದು. ಅದು ಕಿಡ್ನಿ ಕೆಡಿಸಿ ಜೀವ ತೆಗೆಯುವ ವಿಷ.